ದುಡ್ಡೇನು ಮರದಲ್ಲಿ ಬಿಡುತ್ತಾ?

ಇಂಗ್ಲಿಷಿನ ‘ಮನಿ ಡಸಂಟ್ ಗ್ರೋ ಆನ್ ಟ್ರೀಸ್’ ಎಂಬ ನುಡಿಗಟ್ಟಿಗೆ ‘ದುಡ್ಡೇನು ಮರದಲ್ಲಿ ಬಿಡುತ್ತಾ?’ ಎಂಬ ಮಾತನ್ನು ಸಮಾನವೆಂದು ಪಾಠ ಮಾಡುತ್ತೇವೆ. ಅರ್ಥದ ಮಟ್ಟಿಗೆ ತಕರಾರಿಲ್ಲ: ದುಡ್ಡು ಸುಮ್ಮನೆ ಬರುವುದಿಲ್ಲ, ನೋಡಿ ಖರ್ಚು ಮಾಡು. ಇಂಗ್ಲಿಷಿನದು 19ನೇ ಶತಮಾನದ ಅಮೆರಿಕದ ಪತ್ರಿಕೆಗಳಲ್ಲೇ ಓಡಾಡುತ್ತಿದ್ದ ಮಾತು. ಅದು ತೀರ್ಪು ಕೊಟ್ಟು ಸುಮ್ಮನಾಗುತ್ತದೆ. ಕನ್ನಡದ್ದು ಪ್ರಶ್ನೆ. ಕೇಳಿದವರು ‘ಇಲ್ಲ’ ಎಂದು ತಲೆಯಾಡಿಸಿಯೇ ತೀರುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತ ಪ್ರಶ್ನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಆ ನಂಬಿಕೆ ನಿಲ್ಲುವುದು ಕಷ್ಟ. ಇಲ್ಲಿ ಕಾಲೇಜಿನ ಫೀಸು, ಮದುವೆ, ಕೊಳವೆಬಾವಿ ಎಲ್ಲವೂ ತೆಂಗಿನ ಮರದಿಂದಲೇ ಇಳಿದದ್ದು. ‘ಹೂಂ, ಮರದಲ್ಲೇ ಬಿಡುತ್ತೆ’ ಎಂದು ಯಾವ ಮಗುವಾದರೂ ಎದುರಾಡಬಹುದು. ಹಾಗಿದ್ದೂ ಇಲ್ಲಿನ ಅಪ್ಪಂದಿರು ಈ ಮಾತಾಡುತ್ತಾರೆ, ತೋಟದಲ್ಲೇ ನಿಂತು ಆಡುತ್ತಾರೆ. ಯೋಚಿಸದೆ ಆಡಿದ ಎರವಲು ಮಾತೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ.

ಮರದಲ್ಲಿ ಬಿಡುವುದು ಕಾಯಿ. ಅದು ಬಲಿಯಲು ಸುಮಾರು ಒಂದು ವರ್ಷ. ಉಂಡೆ ಕೊಬ್ಬರಿಯಾಗಲು ಅಟ್ಟದ ಮೇಲೆ ಮತ್ತೆ ಎಂಟು ಹತ್ತು ತಿಂಗಳು: ಒಳಗಿನ ನೀರು ಇಂಗಬೇಕು, ತಿರುಳು ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಗಿಟುಕು ಲೊಡಲೊಡ ಅನ್ನಬೇಕು. ಆಮೇಲೆ ಸುಲಿಯುವುದು, ಒಡೆಯುವುದು, ಆಮೇಲೆ ತಿಪಟೂರಿನ ಎಪಿಎಂಸಿ ಹರಾಜು. ದುಡ್ಡು ಹುಟ್ಟುವುದು ಅಲ್ಲಿ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ಕೊಬ್ಬರಿ 8,000ದ ಆಸುಪಾಸಿಗೆ ಕುಸಿದಿತ್ತು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ. ಹರಾಜಿನ ಬೆಲೆ ಅದರ ಎರಡು ಪಟ್ಟನ್ನೂ ದಾಟಿತು. ಮರ ಅದೇ, ಅಟ್ಟ ಅದೇ.

ಇಂಗ್ಲಿಷ್ ಮಾತಿನಲ್ಲಿ ಮರವೆಂದರೆ ಬಿಟ್ಟಿ ಸಿಗುವುದು. ದುಡಿಮೆ ಬೇರೆಲ್ಲೋ ಇರುತ್ತದೆ. ನಮ್ಮದೇ ಬಿರುದು ‘ಕಲ್ಪತರು ನಾಡು’ ಇದಕ್ಕಿಂತ ಮುಂದೆ ಹೋಗಿದೆ. ಕಲ್ಪವೃಕ್ಷ ಕೇಳಿದ್ದನ್ನು ಕೊಡುವ ಮರ. ನುಸಿ ಪೀಡೆ, ಕಾಂಡ ಸೋರುವ ರೋಗ, ಬತ್ತಿದ ಬೋರ್‌ವೆಲ್ ಅದರ ಪುರಾಣದಲ್ಲಿ ಬರುವುದಿಲ್ಲ. ತೋಟದಲ್ಲಿ ನಿಂತ ಅಪ್ಪನ ಪ್ರಶ್ನೆಯನ್ನು ಮಗನಿಗೆ ಹೇಳಿದ ಬುದ್ಧಿಮಾತು ಎಂಬುದಕ್ಕಿಂತ ಈ ಬಿರುದಿನ ಮೇಲಿನ ತಕರಾರು ಎಂದೇ ನಾನು ಓದುತ್ತೇನೆ. ‘ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ’ ಎಂಬ ಗಾದೆಯಲ್ಲೂ ತೆಂಗು ಇಷ್ಟೇ ಸಲೀಸು. ಅದನ್ನು ಕಟ್ಟಿದವರು ಕಾಯಿ ಕೊಂಡು ತಿನ್ನುವವರೇ ಇರಬೇಕು.