ಯುದ್ಧೋತ್ತರ ಕೆನಡಾದ ಇತಿಹಾಸ ಬರೆದ ಎರಡು ಪರಂಪರೆಗಳು

ಎರಡನೆಯ ಮಹಾಯುದ್ಧದ ನಂತರದ ಕೆನಡಾದ ಸಾಮಾಜಿಕ ಮತ್ತು ರಾಜಕೀಯ ಇತಿಹಾಸವನ್ನು ಎರಡು ವಿದ್ವತ್ ಪರಂಪರೆಗಳು ಬರೆದಿವೆ. ಒಂದು ಇಂಗ್ಲಿಷಿನಲ್ಲಿ, ಮುಖ್ಯವಾಗಿ ಟೊರಾಂಟೊ ವಿಶ್ವವಿದ್ಯಾಲಯದ ಸುತ್ತ ಬೆಳೆಯಿತು. ಇನ್ನೊಂದು ಫ್ರೆಂಚಿನಲ್ಲಿ, ಮಾಂಟ್ರಿಯಲ್ ಮತ್ತು ಕ್ವಿಬೆಕ್ ನಗರಗಳಲ್ಲಿ ಬೆಳೆಯಿತು. ಇಂಗ್ಲಿಷ್ ವಿದ್ವಾಂಸರಿಗೆ 1920ರಿಂದ ‘ಕೆನೆಡಿಯನ್ ಹಿಸ್ಟಾರಿಕಲ್ ರಿವ್ಯೂ’ ಇತ್ತು. ಪಾದ್ರಿ-ಇತಿಹಾಸಕಾರ ಲಿಯೊನೆಲ್ ಗ್ರೂ 1946ರಲ್ಲಿ ಫ್ರೆಂಚ್ ಅಮೆರಿಕದ ಇತಿಹಾಸಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿ, ಮರುವರ್ಷ ಅದರದೇ ಪತ್ರಿಕೆಯನ್ನು ಆರಂಭಿಸಿದ ಮೇಲೆ ಫ್ರೆಂಚ್ ಬರಹಗಾರರಿಗೂ ತಮ್ಮದೇ ವೇದಿಕೆ ಸಿಕ್ಕಿತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿದ್ದು ಮಾತ್ರ ಕಡಿಮೆ. 1961ರ ಜನಗಣತಿಯಲ್ಲಿ ಎರಡೂ ಭಾಷೆ ಬಲ್ಲವರು ನೂರಕ್ಕೆ ಸುಮಾರು 12 ಮಂದಿ. ಅವರಲ್ಲೂ ಹೆಚ್ಚಿನವರು ಫ್ರೆಂಚ್ ಮನೆಮಾತಿನವರು. ದೇಶ ದ್ವಿಭಾಷಿಕವಾಗಿತ್ತು, ಅದರ ಪ್ರಜೆಗಳಲ್ಲಿ ಬಹುಪಾಲು ಜನ ಏಕಭಾಷಿಕರಾಗಿದ್ದರು. ಇತಿಹಾಸಕಾರರೂ ಇದಕ್ಕೆ ಹೊರತಾಗಿರಲಿಲ್ಲ.

ಯುದ್ಧದಿಂದ ಎರಡು ಸಮುದಾಯಗಳೂ ಒಂದೇ ನೆನಪು ಹೊತ್ತು ಹೊರಬರಲಿಲ್ಲ. ಕಡ್ಡಾಯ ಸೈನ್ಯಸೇವೆ ಇಲ್ಲವೆಂದು ಕೊಟ್ಟಿದ್ದ ಮಾತಿನಿಂದ ತನ್ನನ್ನು ಬಿಡುಗಡೆ ಮಾಡುವಂತೆ ಸರ್ಕಾರ 1942ರ ಏಪ್ರಿಲ್‌ನಲ್ಲಿ ಜನಮತ ಕೇಳಿತು. ಕ್ವಿಬೆಕ್ ಪ್ರಾಂತ್ಯದಲ್ಲಿ ನೂರಕ್ಕೆ 72ರಷ್ಟು ಮತದಾರರು ಒಪ್ಪಲಿಲ್ಲ. ಉಳಿದ ಪ್ರಾಂತ್ಯಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಅಥವಾ ಅದಕ್ಕೂ ಮಿಗಿಲಾದ ಜನ ಒಪ್ಪಿದರು. ಇಂಗ್ಲಿಷ್ ಪರಂಪರೆ ಯುದ್ಧವನ್ನು ಕೆನಡಾ ಪ್ರೌಢ ರಾಷ್ಟ್ರವಾದ ಘಟ್ಟವೆಂದು ಕಂಡಿತು. ಫ್ರೆಂಚ್ ಪರಂಪರೆಗೆ ಅದು ಬಹುಮತದ ಬಲಕ್ಕೆ ಅಲ್ಪಸಂಖ್ಯಾತರು ತಲೆಬಾಗಬೇಕಾದ ಇನ್ನೊಂದು ಸಂದರ್ಭವಾಗಿ ಕಂಡಿತು. ಮುಂದಿನ ನಾಲ್ಕು ದಶಕಗಳ ಬರಹ ಈ ಎರಡು ಆರಂಭಬಿಂದುಗಳಿಂದಲೇ ಹೊರಟಿತು.

ಫ್ರೆಂಚ್ ಪರಂಪರೆಯಲ್ಲೇ ಎರಡು ಪಂಥಗಳಿದ್ದವು. ಮೊರಿಸ್ ಸೆಗೆಂ, ಗಿ ಫ್ರೆಗೊ, ಮಿಷೆಲ್ ಬ್ರುನೆ ಮಾಂಟ್ರಿಯಲ್ ಪಂಥದವರು. ಕ್ವಿಬೆಕ್ ನಗರದ ಲಾವಾಲ್ ವಿಶ್ವವಿದ್ಯಾಲಯದಲ್ಲಿ ಮಾರ್ಸೆಲ್ ಟ್ರುಡೆಲ್, ಫೆರ್ನಾನ್ ವೆಲೆಟ್, ಜಾಂ ಆಮ್ಲೆಂ ಇದ್ದರು. ಮೂವತ್ತರ ಹರೆಯದಲ್ಲಿದ್ದ ಮಾಂಟ್ರಿಯಲ್‌ನ ಮೂವರು ತಮ್ಮ ಗುರು ಗ್ರೂ ಅವರ ಭಕ್ತಿಪರ ಇತಿಹಾಸವನ್ನು ಬಿಟ್ಟು ಕಠಿಣ ವಾದವೊಂದನ್ನು ಮುಂದಿಟ್ಟರು. 1760ರಲ್ಲಿ ಬ್ರಿಟಿಷರು ಫ್ರೆಂಚ್ ವಸಾಹತಾದ ನ್ಯೂ ಫ್ರಾನ್ಸನ್ನು ಗೆದ್ದಾಗ ಅಲ್ಲಿನ ವರ್ತಕ ವರ್ಗ ಕುಸಿಯಿತು; ತಲೆಯಿಲ್ಲದ ಸಮಾಜ ಹೊಲ ಮತ್ತು ಚರ್ಚುಗಳಿಗೆ ಸೀಮಿತವಾಯಿತು; ಇಪ್ಪತ್ತನೆಯ ಶತಮಾನದ ಕ್ವಿಬೆಕ್‌ನ ಆರ್ಥಿಕ ಹಿಂದುಳಿಯುವಿಕೆಗೆ ಅದೇ ಮೂಲ ಎಂಬುದು ಆ ವಾದದ ಸಾರ. ಲಾವಾಲ್‌ನವರು ಇದನ್ನು ಒಪ್ಪಲಿಲ್ಲ. ಫ್ರಾನ್ಸಿನ ‘ಆನಾಲ್’ ಪಂಥದಿಂದ ಬೆಲೆ, ಬೆಳೆ, ಜನಸಂಖ್ಯೆಗಳ ಲೆಕ್ಕ ಹಾಕುವುದನ್ನು ಕಲಿತಿದ್ದ ವೆಲೆಟ್, ದೋಷ ಗೆದ್ದವರದಲ್ಲ, ಬದಲಾವಣೆಗೆ ಒಗ್ಗದ ಫ್ರೆಂಚ್ ಸಮಾಜದ ಒಳಗಿನದೇ ಎಂದರು. ಅವರ 1966ರ ಬೃಹತ್ ಗ್ರಂಥ 1760ರಿಂದ 1850ರವರೆಗಿನ ಕ್ವಿಬೆಕ್‌ನ ಆರ್ಥಿಕ, ಸಾಮಾಜಿಕ ಇತಿಹಾಸ.

ಎರಡೂ ಪಂಥಗಳು ಬರೆದದ್ದು ಹೆಚ್ಚಾಗಿ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಬಗ್ಗೆ. ಆದರೂ ಅವರ ವಾದದಲ್ಲಿ ಯುದ್ಧೋತ್ತರ ಕಾಲದ ಸಮಸ್ಯೆಯೇ ಮಿಡಿಯುತ್ತಿತ್ತು. ಕಾರ್ಖಾನೆಯ ಒಡೆಯ ಇಂಗ್ಲಿಷ್ ಮಾತಾಡುವಾಗ ಕಾರ್ಮಿಕ ಏಕೆ ಫ್ರೆಂಚ್ ಮಾತಾಡುತ್ತಾನೆ ಎಂಬ ಪ್ರಶ್ನೆಗೆ ಅವರು ಉತ್ತರ ಹುಡುಕುತ್ತಿದ್ದರು. ಮಾಂಟ್ರಿಯಲ್ ಪಂಥದ ವಿಶ್ಲೇಷಣೆ ಮುಂದೆ ಕ್ವಿಬೆಕ್ ಸ್ವಾತಂತ್ರ್ಯವಾದಿಗಳ ಕೈಗೆ ವಾದವಾಗಿ ಒದಗಿತು. ಫ್ರೆಗೊ 1961ರಲ್ಲಿ ಪ್ರಾಂತ್ಯದ ಹೊಸ ಸಂಸ್ಕೃತಿ ಇಲಾಖೆಯ ಉನ್ನತಾಧಿಕಾರಿಯೇ ಆದರು. ಈ ಪಂಥದ ಬಲ ಅದರ ಪ್ರಶ್ನೆಯಲ್ಲಿದೆ. ದೌರ್ಬಲ್ಯವೂ ಅಲ್ಲೇ ಇದೆ: ಎಲ್ಲಕ್ಕೂ ಒಂದೇ ಕಾರಣ ಸಿಕ್ಕಿದ ಮೇಲೆ 1945ರ ನಂತರದ ಸಮಾಜವನ್ನು ಹತ್ತಿರದಿಂದ ನೋಡುವ ಅಗತ್ಯ ಅದಕ್ಕೆ ಕಾಣಲಿಲ್ಲ.

ಇಂಗ್ಲಿಷ್ ಪರಂಪರೆಯ ದೊಡ್ಡ ಹೆಸರು ಡೊನಾಲ್ಡ್ ಕ್ರೈಟನ್. ಸೇಂಟ್ ಲಾರೆನ್ಸ್ ನದಿಯ ವ್ಯಾಪಾರ ಸಾಮ್ರಾಜ್ಯದಿಂದ ಒಂದು ರಾಷ್ಟ್ರ ಹುಟ್ಟಿದ ಕಥೆಯನ್ನು ಅವರಷ್ಟು ಸೊಗಸಾಗಿ ಬೇರೆ ಯಾರೂ ಬರೆದಿಲ್ಲ. ಆದರೆ 1939ರಿಂದ 1957ರವರೆಗಿನ ಅವರ ಸಂಪುಟ, 1976ರಲ್ಲಿ ಬಂದದ್ದು, ಬ್ರಿಟಿಷ್ ಸಂಬಂಧ ಕಳೆದುಕೊಂಡು ಅಮೆರಿಕದ ತೆಕ್ಕೆಗೆ ಬಿದ್ದ ದೇಶದ ಬಗೆಗಿನ ದುಃಖದ ಪುಸ್ತಕ. ಫ್ರೆಂಚ್ ಕೆನಡಾ ಅದರಲ್ಲಿ ಅಡ್ಡಿಯಾಗಿ ಕಾಣುತ್ತದೆಯೇ ಹೊರತು ಜನರಾಗಿ ಕಾಣುವುದಿಲ್ಲ. ರಾಮ್ಸೆ ಕುಕ್ ಇದಕ್ಕೆ ಅಪವಾದ. ಫ್ರೆಂಚ್ ಚಿಂತನೆಯನ್ನು ಮೂಲದಲ್ಲೇ ಓದಿ ಅವರು 1966ರಲ್ಲಿ ಬರೆದ ಕೃತಿ ಇಂಗ್ಲಿಷ್ ಓದುಗರಿಗೆ ನೆರೆಮನೆಯ ವಾದವನ್ನು ಮೊದಲ ಬಾರಿಗೆ ಗಂಭೀರವಾಗಿ ಪರಿಚಯಿಸಿತು. ದೇಶ ಒಂದೇ ಗುರುತನ್ನು ಹುಡುಕುವ ಬದಲು ಪ್ರದೇಶ, ವರ್ಗ, ಸಮುದಾಯಗಳ ಸೀಮಿತ ಗುರುತುಗಳನ್ನು ಒಪ್ಪಿಕೊಳ್ಳಬೇಕೆಂಬ ಅವರ ಮಾತನ್ನು 1969ರಲ್ಲಿ ಜೆ.ಎಂ.ಎಸ್. ಕೇರ್‌ಲೆಸ್ ವಿಸ್ತರಿಸಿದರು, ಒಂದು ಪೀಳಿಗೆಯ ಸಂಶೋಧನೆಗೆ ಅದೇ ದಾರಿಯಾಯಿತು. 1981ರಲ್ಲಿ ಬಾತ್‌ವೆಲ್, ಡ್ರಮಂಡ್, ಇಂಗ್ಲಿಷ್ ಎಂಬ ಮೂವರು ಸೇರಿ 1945ರ ನಂತರದ ಕೆನಡಾದ ಸಮಗ್ರ ಇತಿಹಾಸ ತಂದರು. ಆರ್ಥಿಕ ನೀತಿ, ಸಚಿವ ಸಂಪುಟದ ನಿರ್ಧಾರಗಳು, ಒಟ್ಟಾವಾದ ಅಧಿಕಾರಿವರ್ಗ ಇವುಗಳ ಬಗ್ಗೆ ಆ ಪುಸ್ತಕ ಇಂದಿಗೂ ಉಪಯುಕ್ತ. ಆದರೆ ಒಟ್ಟಾವಾದ ಕಿಟಕಿಯಿಂದ ನೋಡಿದವರಿಗೆ ಕ್ವಿಬೆಕ್ ಒಂದು ‘ಸಮಸ್ಯೆ’ಯಾಗಿಯೇ ಉಳಿಯುತ್ತದೆ.

ಎರಡು ಪರಂಪರೆಗಳನ್ನೂ ಒಂದೇ ಮೇಜಿಗೆ ಕರೆತಂದದ್ದು ವಿಶ್ವವಿದ್ಯಾಲಯವಲ್ಲ, ಸರ್ಕಾರ. ‘ಲ ದವ್ವಾರ್’ ಪತ್ರಿಕೆಯ ಸಂಪಾದಕ ಆಂದ್ರೆ ಲೊರಾಂದೊ 1962ರ ಜನವರಿಯಲ್ಲಿ ದ್ವಿಭಾಷೆಯ ಬಗ್ಗೆ ತನಿಖೆ ಬೇಕೆಂದು ಬರೆದರು. 1963ರ ಜುಲೈನಲ್ಲಿ ಅವರೂ ಡೇವಿಡ್‌ಸನ್ ಡಂಟನ್ ಅವರೂ ಸಹ-ಅಧ್ಯಕ್ಷರಾಗಿ ದ್ವಿಭಾಷೆ ಮತ್ತು ದ್ವಿಸಂಸ್ಕೃತಿ ಆಯೋಗ ನೇಮಕವಾಯಿತು. ದೇಶ ತನ್ನ ಇತಿಹಾಸದಲ್ಲೇ ಅತಿ ದೊಡ್ಡ ಬಿಕ್ಕಟ್ಟಿನಲ್ಲಿದೆ ಎಂದು ಆಯೋಗ 1965ರ ಪ್ರಾಥಮಿಕ ವರದಿಯಲ್ಲಿ ಎಚ್ಚರಿಸಿತು. ಅದರ ಶಿಫಾರಸುಗಳ ಫಲವೇ 1969ರ ಅಧಿಕೃತ ಭಾಷೆಗಳ ಕಾಯಿದೆ. ಸಂಶೋಧಕರ ದೃಷ್ಟಿಯಲ್ಲಿ ಕಾಯಿದೆಗಿಂತ ದೊಡ್ಡ ಆಸ್ತಿ ಆಯೋಗ ಬರೆಸಿದ ಅಧ್ಯಯನಗಳು. ಮಾರ್ಸೆಲ್ ಟ್ರುಡೆಲ್ ಮತ್ತು ಜಿನವಿಯೆವ್ ಜೆಯ್ನ್ ಎರಡೂ ಭಾಷೆಗಳ ಶಾಲಾ ಇತಿಹಾಸ ಪಠ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರು. ಒಂದು ದೇಶದ ಮಕ್ಕಳು ಎರಡು ದೇಶಗಳ ಇತಿಹಾಸ ಕಲಿಯುತ್ತಿದ್ದಾರೆಂದು ಹೇಳಲು ಅದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ಆಯೋಗದ ವರದಿಯ 1969ರ ಸಂಪುಟದಲ್ಲಿನ ಆದಾಯದ ಕೋಷ್ಟಕ ಇನ್ನೂ ದೊಡ್ಡ ಸದ್ದು ಮಾಡಿತು. 1961ರಲ್ಲಿ ಕ್ವಿಬೆಕ್‌ನಲ್ಲಿ ದುಡಿಯುತ್ತಿದ್ದ ಬ್ರಿಟಿಷ್ ಮೂಲದ ಪುರುಷರ ಸರಾಸರಿ ವಾರ್ಷಿಕ ದುಡಿಮೆ 4,940 ಡಾಲರ್, ಫ್ರೆಂಚ್ ಮೂಲದವರದು 3,185. ಹದಿನಾಲ್ಕು ಜನವರ್ಗಗಳ ಪಟ್ಟಿಯಲ್ಲಿ ತಮ್ಮದೇ ಪ್ರಾಂತ್ಯದಲ್ಲಿ ಫ್ರೆಂಚರು ಹನ್ನೆರಡನೆಯವರು. ಮಾಂಟ್ರಿಯಲ್ ಪಂಥ ವಾದದಿಂದ ಹೇಳಿದ್ದನ್ನು ಅಂಕಿಗಳು ಹೇಳಿದವು. 1977ರ ಫ್ರೆಂಚ್ ಭಾಷಾ ಸನ್ನದಿನವರೆಗಿನ ರಾಜಕೀಯವನ್ನು ಈ ಕೋಷ್ಟಕವಿಲ್ಲದೆ ಅರ್ಥಮಾಡಿಕೊಳ್ಳಲಾಗದು.

ಎಪ್ಪತ್ತರ ದಶಕದಲ್ಲಿ ಫ್ರೆಂಚ್ ಪರಂಪರೆ ದಿಕ್ಕು ಬದಲಿಸಿತು. ಮೊರಿಸ್ ಡ್ಯುಪ್ಲೆಸಿ ಪ್ರಾಂತ್ಯದ ಪ್ರಧಾನಿಯಾಗಿದ್ದ 1944–59ರ ಅವಧಿ ಚರ್ಚಿನ ಹಿಡಿತದ ‘ಕಗ್ಗತ್ತಲು’. ಜಾಂ ಲೆಸಾಜರ ಉದಾರವಾದಿ ಪಕ್ಷ 1960ರ ಜೂನ್‌ನಲ್ಲಿ ಗೆದ್ದ ಮೇಲೆ ‘ಶಾಂತ ಕ್ರಾಂತಿ’ಯ ಬೆಳಕು ಬಂತು. 1963ರಲ್ಲಿ ವಿದ್ಯುತ್ ಕಂಪನಿಗಳ ರಾಷ್ಟ್ರೀಕರಣ, 1964ರಲ್ಲಿ ಶಿಕ್ಷಣ ಸಚಿವಾಲಯ: ಅಲ್ಲಿಯವರೆಗೆ ಎಲ್ಲರೂ ಹೇಳುತ್ತಿದ್ದ ಕಥೆ ಇದು. ಪೊಲ್-ಆಂದ್ರೆ ಲೆಂತೊ, ರೆನೆ ಡ್ಯುರೊಷೆ, ಜಾಂ-ಕ್ಲೊಡ್ ರೊಬೆರ್ ಮುಂತಾದವರು ಇದನ್ನು ಪ್ರಶ್ನಿಸಿದರು. ಫ್ರಾಂಸ್ವಾ ರಿಕಾರ್ ಅವರೂ ಸೇರಿ 1986ರಲ್ಲಿ ಪ್ರಕಟಿಸಿದ, 1930ರ ನಂತರದ ಕ್ವಿಬೆಕ್ ಕುರಿತ ಸಂಪುಟದಲ್ಲಿ ನಗರ, ಕಾರ್ಖಾನೆ, ವಲಸೆ, ವರ್ಗಗಳೇ ಮುಖ್ಯ. ಕ್ವಿಬೆಕ್ ಬಹಳ ಹಿಂದೆಯೇ ನಗರೀಕರಣಗೊಂಡ, ಉತ್ತರ ಅಮೆರಿಕದ ಬೇರೆ ಯಾವುದೇ ಸಮಾಜದಂತೆಯೇ ಸಾಮಾನ್ಯವಾದ ಸಮಾಜ ಎಂಬುದು ಇವರ ನಿಲುವು. ಹಳೆಯ ಗೋಳನ್ನು ಬಿಟ್ಟು ಆಧಾರಗಳತ್ತ ತಿರುಗಿದ ಈ ಮರುಪರಿಶೀಲನೆಯ ಪಂಥ ಯುದ್ಧೋತ್ತರ ಇತಿಹಾಸಕ್ಕೆ ಮಾಡಿದ ಉಪಕಾರ ದೊಡ್ಡದು. ಯುದ್ಧೋತ್ತರ ಕ್ವಿಬೆಕ್‌ನ ಬಗ್ಗೆ ಕೆಲಸ ಶುರುಮಾಡುವವರು ಮೊದಲು ತೆರೆಯಬೇಕಾದ ಪುಸ್ತಕ ಇಂದಿಗೂ ಅವರ ಆ ಸಂಪುಟವೇ.

ಆದರೆ ‘ಸಾಮಾನ್ಯ ಸಮಾಜ’ವನ್ನು ಸ್ಥಾಪಿಸುವ ಉತ್ಸಾಹದಲ್ಲಿ ಧರ್ಮ ಬದಿಗೆ ಸರಿಯಿತು. ಮಾಂಟ್ರಿಯಲ್‌ನ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ಇಂಗ್ಲಿಷ್ ಭಾಷಿಕ ಇತಿಹಾಸಕಾರ ರೊನಾಲ್ಡ್ ರೂಡಿನ್ 1992ರಲ್ಲಿ ಎತ್ತಿದ ಆಕ್ಷೇಪ ಇದೇ: ಬೇರೆತನವನ್ನೆಲ್ಲ ಅಳಿಸಿದರೆ ಕ್ವಿಬೆಕ್‌ನ ವಿಶಿಷ್ಟ ಅನುಭವಗಳೇ ಕಾಣೆಯಾಗುತ್ತವೆ. ಹೊರಗಿನವರ ಟೀಕೆಯೆಂದು ಕೆಲವರು ಕೆರಳಿದರೂ ಮುಂದಿನ ಸಂಶೋಧನೆ ರೂಡಿನ್ ಅವರ ಕಡೆಗೇ ವಾಲಿತು. ಮುನಿಯೇ ಮತ್ತು ವಾರೆನ್ 2002ರಲ್ಲಿ ಫ್ರೆಂಚಿನಲ್ಲಿ, ಮೈಕೆಲ್ ಗೋವ್ರೊ 2005ರಲ್ಲಿ ಇಂಗ್ಲಿಷಿನಲ್ಲಿ, ಶಾಂತ ಕ್ರಾಂತಿಯ ಬೇರುಗಳು ಕ್ಯಾಥೊಲಿಕ್ ಯುವಚಳವಳಿಗಳ ಒಳಗೇ ಇದ್ದವೆಂದು ತೋರಿಸಿದರು. ಚರ್ಚಿನ ವಿರುದ್ಧ ನಡೆಯಿತೆಂದು ನಂಬಿದ್ದ ಬದಲಾವಣೆಗೆ ಚರ್ಚಿನ ಮಕ್ಕಳೇ ಸಿದ್ಧತೆ ನಡೆಸಿದ್ದರು. ಎರಡು ಭಾಷೆಗಳ ವಿದ್ವಾಂಸರು ಬೇರೆ ಬೇರೆಯಾಗಿ ಹೊರಟು ಒಂದೇ ತೀರ್ಮಾನಕ್ಕೆ ಬಂದ ಈ ಪ್ರಸಂಗ, ಇಡೀ ಪರಂಪರೆಯ ಅತ್ಯುತ್ತಮ ಕ್ಷಣಗಳಲ್ಲಿ ಒಂದು.

ಇತಿಹಾಸಲೇಖನ ಹೇಗೆ ಬದಲಾಯಿತೆಂದು ತಿಳಿಯಲು 1949ರ ಕಲ್ನಾರು ಮುಷ್ಕರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಆಸ್ಬೆಸ್ಟಾಸ್ ಮತ್ತು ಥೆಟ್‌ಫರ್ಡ್ ಮೈನ್ಸ್ ಪಟ್ಟಣಗಳ ಸುಮಾರು ಐದು ಸಾವಿರ ಗಣಿಕಾರ್ಮಿಕರು, ಕ್ಯಾಥೊಲಿಕ್ ಸಂಘಗಳ ಸದಸ್ಯರು, ಕೆಲಸ ನಿಲ್ಲಿಸಿದರು. ದೊಡ್ಡ ಗಣಿಯ ಒಡೆತನ ಅಮೆರಿಕದ ಜಾನ್ಸ್-ಮ್ಯಾನ್‌ವಿಲ್ ಕಂಪನಿಯದು. ಡ್ಯುಪ್ಲೆಸಿ ಕಾರ್ಮಿಕರ ವಿರುದ್ಧ ಪೊಲೀಸರನ್ನು ಕಳಿಸಿದರು. ಮಾಂಟ್ರಿಯಲ್‌ನ ಆರ್ಚ್‌ಬಿಷಪ್ ಶಾರ್ಬೊನೊ ಕಾರ್ಮಿಕರ ಪರ ನಿಂತರು, ಮರುವರ್ಷ ಪದವಿ ಬಿಡಬೇಕಾಯಿತು. ಪಿಯರ್ ಟ್ರುಡೊ 1956ರಲ್ಲಿ ಸಂಪಾದಿಸಿದ ಸಂಕಲನ ಈ ಮುಷ್ಕರವನ್ನು ಹೊಸ ಯುಗದ ಹೊಸ್ತಿಲೆಂದು ಸಾರಿತು. ಟ್ರುಡೊ, ಮುಷ್ಕರದ ವರದಿ ಮಾಡಿದ ಜೆರಾರ್ ಪೆಲ್ಟಿಯೆ, ಸಂಘದ ನಾಯಕ ಜಾಂ ಮಾರ್ಷಾಂ ಮೂವರೂ 1965ರಲ್ಲಿ ಒಟ್ಟಾವಾ ಸಂಸತ್ತಿಗೆ ಹೋದರು. ಟ್ರುಡೊ 1968ರಲ್ಲಿ ದೇಶದ ಪ್ರಧಾನಿಯಾದರು. ಪಾಲ್ಗೊಂಡವರೇ ಬರೆದು, ಅವರೇ ಆಳುವವರಾದಾಗ ಆ ವ್ಯಾಖ್ಯಾನಕ್ಕೆ ಸಿಕ್ಕುವ ಬಲ ಅಸಾಧಾರಣ. ಕ್ವಿಬೆಕ್‌ನ ಕಾರ್ಮಿಕರು ಅದಕ್ಕೂ ಮೊದಲೇ ಸಂಘಟಿತರಾಗಿ ಹೋರಾಡಿದ್ದರು, 1949 ತಿರುವಿನ ವರ್ಷವಲ್ಲ ಎಂದು ಕಾರ್ಮಿಕ ಇತಿಹಾಸಕಾರ ಜಾಕ್ ರೂಯಾರ್ ವಾದಿಸಲು ದಶಕಗಳು ಬೇಕಾದವು. ಇನ್ನೂ ದೊಡ್ಡ ಮರೆವೊಂದಿತ್ತು. ಮುಷ್ಕರಕ್ಕೆ ಸ್ವಲ್ಪ ಮೊದಲು, 1949ರ ಜನವರಿಯಲ್ಲಿ, ಕಲ್ನಾರಿನ ಧೂಳು ಶ್ವಾಸಕೋಶ ಕೊಲ್ಲುವ ಬಗ್ಗೆ ಬರ್ಟನ್ ಲಡೂ ಬರೆದ ವರದಿ ‘ಲ ದವ್ವಾರ್’ನಲ್ಲಿ ಬಂದಿತ್ತು, ಧೂಳು ನಿಯಂತ್ರಣ ಕಾರ್ಮಿಕರ ಬೇಡಿಕೆಗಳಲ್ಲೇ ಒಂದಾಗಿತ್ತು. ರಾಷ್ಟ್ರ, ಚರ್ಚು, ಸರ್ಕಾರ ಎಂದು ಬರೆದವರಿಗೆ ಕಾರ್ಮಿಕನ ಎದೆಗೂಡು ಬಹುಕಾಲ ಕಾಣಲಿಲ್ಲ. ಜೆಸ್ಸಿಕಾ ವಾನ್ ಹೊರ್ಸೆನ್ ಅವರ 2016ರ ಪರಿಸರ ಇತಿಹಾಸ ಅದನ್ನು ನಡುವಿಗೆ ತಂದಿತು.

ಕಾರ್ಮಿಕ ಮತ್ತು ಸಾಮಾಜಿಕ ಇತಿಹಾಸದಲ್ಲಿ ಭಾಷೆಯ ಗೋಡೆ ತೆಳುವಾಗಿರುವುದು ಗಮನಾರ್ಹ. 1968ರಲ್ಲಿ ಆರಂಭವಾದ ಸಾಮಾಜಿಕ ಇತಿಹಾಸದ ಪತ್ರಿಕೆಯೂ 1976ರ ಕಾರ್ಮಿಕ ಇತಿಹಾಸದ ಪತ್ರಿಕೆಯೂ ಹೆಸರಿನಲ್ಲೇ ದ್ವಿಭಾಷಿಕ. ಮಹಿಳಾ ಇತಿಹಾಸ ಕ್ವಿಬೆಕ್‌ನಲ್ಲಿ ಕ್ಲಿಯೊ ಗುಂಪಿನ ನಾಲ್ವರು ಲೇಖಕಿಯರ 1982ರ ಕೃತಿಯಿಂದ ಗಟ್ಟಿಯಾಯಿತು. ಅದನ್ನು ಓದಿದ ಮೇಲೆ ಶಾಂತ ಕ್ರಾಂತಿಯ ಕಾಲಗಣನೆಯೇ ಅಲುಗುತ್ತದೆ: ಮಹಿಳೆಯರಿಗೆ ಪ್ರಾಂತೀಯ ಮತದಾನ ದೊರೆತದ್ದು 1940ರಲ್ಲಿ, ವಿವಾಹಿತೆಯರ ಕಾನೂನು ಅಸಮರ್ಥತೆ ಕೊನೆಗೊಂಡದ್ದು 1964ರಲ್ಲಿ. ಕ್ವಿಬೆಕ್‌ನ ಹೊರಗಿನ ಫ್ರೆಂಚರು ಮಾತ್ರ ಎರಡೂ ಪರಂಪರೆಗಳ ಅಂಚಿನಲ್ಲೇ ಉಳಿದರು. ನ್ಯೂ ಬ್ರನ್ಸ್‌ವಿಕ್‌ನ ಅಕೇಡಿಯನ್ನರು 1969ರಲ್ಲಿ ತಮ್ಮ ಪ್ರಾಂತ್ಯವನ್ನೇ ಅಧಿಕೃತವಾಗಿ ದ್ವಿಭಾಷಿಕವಾಗಿಸಿಕೊಂಡರು. ಅಂಥ ಪ್ರಾಂತ್ಯ ದೇಶದಲ್ಲಿ ಇಂದಿಗೂ ಅದೊಂದೇ. ಆದರೂ ಸಮಗ್ರ ಇತಿಹಾಸಗಳಲ್ಲಿ ಅವರ ಪಾಲು ಕೆಲವೇ ಪುಟ.

ಸಂಶೋಧನೆಯ ಕ್ರಮದಲ್ಲೂ ಇದೇ ಅರೆಕೊರೆ. ಸಚಿವ ಸಂಪುಟದ ಕಡತ, ಮಂತ್ರಿಗಳ ಪತ್ರ, ಆಯೋಗಗಳ ದಾಖಲೆ ಒಟ್ಟಾವಾದಲ್ಲಿವೆ. ಶಾಲೆ, ಆಸ್ಪತ್ರೆ, ಪಂಗಡ, ಸ್ಥಳೀಯ ಸಂಘಗಳ ದಾಖಲೆ ಬಹುಪಾಲು ಪ್ರಾಂತ್ಯಗಳ ದಫ್ತರಖಾನೆಗಳಲ್ಲಿವೆ. ಮೊದಲನೆಯದನ್ನು ಮಾತ್ರ ನೋಡಿದವರು ರಾಜಕೀಯ ಇತಿಹಾಸ ಬರೆದರು, ಎರಡನೆಯದನ್ನು ಮಾತ್ರ ನೋಡಿದವರು ಸಾಮಾಜಿಕ ಇತಿಹಾಸ ಬರೆದರು. ಎರಡನ್ನೂ ಜೋಡಿಸಿದವರು ವಿರಳ. 1971ರಿಂದ ಜನಗಣತಿ ಮನೆಯಲ್ಲಿ ಆಡುವ ಭಾಷೆಯನ್ನೂ ಕೇಳತೊಡಗಿದ್ದರಿಂದ ಭಾಷಾಪಲ್ಲಟವನ್ನು ಅಳೆಯುವುದು ಸುಲಭವಾಯಿತು. ಕ್ವಿಬೆಕ್‌ನ ಪ್ರತ್ಯೇಕತೆ ಕುರಿತ 1980ರ ಜನಮತಗಣನೆಯಲ್ಲಿ ನೂರಕ್ಕೆ ಸುಮಾರು 60 ಮಂದಿ, 1995ರಲ್ಲಿ 50.58 ಮಂದಿ ಪ್ರತ್ಯೇಕತೆಗೆ ಬೇಡವೆಂದರು. ಆ ಎರಡು ಫಲಿತಾಂಶಗಳ ನಡುವಿನ ಹದಿನೈದು ವರ್ಷಗಳನ್ನು ನಾಯಕರ ಮಾತುಗಳಿಂದಷ್ಟೇ ವಿವರಿಸುವ ಪುಸ್ತಕಗಳು ಇಂದಿಗೂ ಬರುತ್ತಿರುವುದು ಬೇಸರದ ಸಂಗತಿ.

ಎಲ್ಲಕ್ಕಿಂತ ದೊಡ್ಡ ಕೊರತೆ ಇಂಗ್ಲಿಷರು, ಫ್ರೆಂಚರು ದೇಶದ ‘ಇಬ್ಬರು ಸ್ಥಾಪಕರು’ ಎಂಬ ಚೌಕಟ್ಟಿನಲ್ಲೇ ಇದೆ. ತನ್ನ ಕಾರ್ಯಸೂಚಿಯಲ್ಲಿ ಮೂಲನಿವಾಸಿಗಳ ಪ್ರಸ್ತಾಪ ಇಲ್ಲವೆಂದು ದ್ವಿಭಾಷೆ ಮತ್ತು ದ್ವಿಸಂಸ್ಕೃತಿ ಆಯೋಗವೇ ಬರೆದು ಮುಂದೆ ಸಾಗಿತು. ಅಧಿಕೃತ ಭಾಷೆಗಳ ಕಾಯಿದೆ ಬಂದ 1969ರಲ್ಲೇ ಒಟ್ಟಾವಾ ಸರ್ಕಾರ ಮೂಲನಿವಾಸಿಗಳ ವಿಶೇಷ ಸ್ಥಾನಮಾನ ರದ್ದುಮಾಡುವ ಶ್ವೇತಪತ್ರ ಹೊರಡಿಸಿತು, ಕ್ವಿಬೆಕ್ ಅವರಿಗೆ ಪ್ರಾಂತೀಯ ಮತದಾನದ ಹಕ್ಕು ಕೊಟ್ಟಿತು. ಈ ಮೂರನ್ನೂ ಒಂದೇ ಅಧ್ಯಾಯದಲ್ಲಿ ಓದುವ ಇತಿಹಾಸಕ್ಕೆ ಬೇಕಾದ ಆಧಾರಗಳು ಎರಡೂ ಭಾಷೆಗಳಲ್ಲಿ ಬಹಳ ಕಾಲದಿಂದ ಇವೆ. 1961ರ ಆದಾಯದ ಕೋಷ್ಟಕದ ಹನ್ನೆರಡನೆಯ ಸಾಲನ್ನು ಎರಡೂ ಕಡೆಯವರು ಮತ್ತೆ ಮತ್ತೆ ಉದ್ಧರಿಸಿದರು. ಅದರ ಹದಿನಾಲ್ಕನೆಯ, ಕೊನೆಯ ಸಾಲಿನಲ್ಲಿದ್ದವರು ಮೂಲನಿವಾಸಿಗಳು. ಅವರ ಸರಾಸರಿ ದುಡಿಮೆ 2,112 ಡಾಲರ್.