ದಾವೆ ಹೂಡುವ ಹಕ್ಕು ಯಾರದು?

2016ರಲ್ಲಿ ಕೇಂದ್ರ ಸರ್ಕಾರ 450 ಗ್ರಾಂನ ಬೋಲ್‌ಗಾರ್ಡ್-2 ಹತ್ತಿಬೀಜದ ಪಾಕೀಟಿಗೆ 800 ರೂಪಾಯಿ ಗರಿಷ್ಠ ದರ ಕಟ್ಟಿತು. ಅದರಲ್ಲಿ 49 ರೂಪಾಯಿ ಕೀಟ ತಡೆಯುವ ಬಿ.ಟಿ. ಗುಣದ ಶುಲ್ಕ, ಲೈಸೆನ್ಸ್ ಪಡೆದ ಬೀಜ ಕಂಪನಿ ಅದನ್ನು ಆ ತಂತ್ರಜ್ಞಾನ ಕೊಟ್ಟ ಮಹಿಕೊ ಮೊನ್ಸಾಂಟೊ ಬಯೋಟೆಕ್‌ಗೆ ಕಟ್ಟಬೇಕಿತ್ತು. ಶುಲ್ಕ ಕಟ್ಟದೆಯೇ ಅದೇ ಗುಣದ ಬೀಜವನ್ನು ಇನ್ನೊಬ್ಬ ಮಾರಿದ್ದರೆ, ಕಟ್ಟಿದ ಕಂಪನಿ ಅವನ ಮೇಲೆ ಪೇಟೆಂಟ್ ಉಲ್ಲಂಘನೆಯ ದಾವೆ ಹೂಡಬಹುದಿತ್ತೇ? ಬರೀ ಸಾಮಾನ್ಯ ಲೈಸೆನ್ಸ್ ಇದ್ದವರಿಗೆ 1970ರ ಪೇಟೆಂಟ್ ಕಾಯ್ದೆ ಆ ಹಕ್ಕನ್ನು ಕೊಟ್ಟಿಲ್ಲ. ಇದು ಅನ್ಯಾಯ.

ಕಾಯ್ದೆಯ 109ನೇ ಕಲಂ ಚೆನ್ನಾಗಿದೆ. ಮಾಲೀಕನನ್ನೂ ಹೊರಗಿಡುವಂಥ ಏಕಸ್ವಾಮ್ಯದ ಲೈಸೆನ್ಸ್ ಇದ್ದವನು ಮಾಲೀಕನಂತೆಯೇ ದಾವೆ ಹೂಡಬಹುದು. ಮಾಲೀಕ ವಾದಿಯಾಗಿ ಬರದಿದ್ದರೆ ಅವನನ್ನು ಪ್ರತಿವಾದಿಯಾಗಿ ಸೇರಿಸಬೇಕು. ಈ ಷರತ್ತು ಏಕೆ ಬೇಕು ಎಂಬುದಕ್ಕೆ ಬಿ.ಟಿ. ಹತ್ತಿಯ ಪೇಟೆಂಟ್ ಕುರಿತು ನುಜಿವೀಡು ಬೀಜ ಕಂಪನಿಯ ಮೇಲೆ ಮೊನ್ಸಾಂಟೊ ಹೂಡಿದ ಮೊಕದ್ದಮೆಯನ್ನೇ ನೋಡಿ. ಉಲ್ಲಂಘನೆಯ ದೂರು ಪೇಟೆಂಟಿನ ಸಿಂಧುತ್ವಕ್ಕೇ ತಿರುಗಿತು. 2018ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಪೇಟೆಂಟನ್ನು ಅನೂರ್ಜಿತಗೊಳಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿ ವಿಚಾರಣೆಗೆ ಮರಳಿಸಿತು. ಇಂಥ ಪಂದ್ಯ ಮಾಲೀಕನ ಬೆನ್ನ ಹಿಂದೆ ನಡೆಯಕೂಡದು.

ನನ್ನ ತಕರಾರು 110ನೇ ಕಲಮಿನ ಮೇಲೆ. ಕಡ್ಡಾಯ ಲೈಸೆನ್ಸ್ ಪಡೆದವನು ದಾವೆ ಹೂಡೆಂದು ಮಾಲೀಕನನ್ನು ಕೇಳಬೇಕು. ಎರಡು ತಿಂಗಳಲ್ಲಿ ಅವನು ನಿರಾಕರಿಸಿದರೆ ಅಥವಾ ಸುಮ್ಮನಿದ್ದರೆ ತಾನೇ ಹೂಡಬಹುದು. ದಾರಿ ಒಳ್ಳೆಯದೇ, ಆದರೆ ನಡೆಯುವವರೇ ಇಲ್ಲ. ದೇಶದಲ್ಲಿ ಕಡ್ಡಾಯ ಲೈಸೆನ್ಸ್ ಸಿಕ್ಕಿದ್ದು ಒಮ್ಮೆ ಮಾತ್ರ, 2012ರಲ್ಲಿ, ಬೇಯರ್ ಕಂಪನಿಯ ಕ್ಯಾನ್ಸರ್ ಔಷಧಿಗಾಗಿ ನ್ಯಾಟ್ಕೊಗೆ. ಬೀಜದ ವ್ಯವಹಾರಕ್ಕಂತೂ ಈ ಗಡುವು ಒಗ್ಗುವುದೇ ಇಲ್ಲ. ರೋಣ ತಾಲ್ಲೂಕಿನ ಮೆಣಸಗಿಯಂಥ ಎರೆಭೂಮಿಯ ಊರಲ್ಲಿ ಮುಂಗಾರು ಹಿಡಿದಾಗ ಹದ ನೋಡಿ ಬಿತ್ತಿಗೆ ಮುಗಿಸುತ್ತಾರೆ. ಎರಡು ತಿಂಗಳು ಕಳೆದ ಮೇಲೆ ತಡೆಯಾಜ್ಞೆ ಬಂದರೆ ತಡೆಯಲು ಅಂಗಡಿಯಲ್ಲಿ ಬೀಜವೇ ಉಳಿದಿರುವುದಿಲ್ಲ.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದಕ್ಕಿಂತ ಉದಾರ. ಅದರ 28ನೇ ಕಲಂ ನೋಂದಾಯಿತ ತಳಿಯ ಹಕ್ಕನ್ನು ಹೇಳುವಾಗ ತಳಿಗಾರನ ಜೊತೆಗೇ ಲೈಸೆನ್ಸುದಾರನ ಹೆಸರನ್ನೂ ಎತ್ತುತ್ತದೆ. 42ನೇ ಕಲಂ, ಹಕ್ಕಿನ ಅರಿವಿಲ್ಲದೆ ಬಿತ್ತಿದ ರೈತನನ್ನು ಕಾಯುತ್ತದೆ. ಪೇಟೆಂಟ್ ಕಾಯ್ದೆಯ 110ನೇ ಕಲಮನ್ನು ಸಾಮಾನ್ಯ ಲೈಸೆನ್ಸುದಾರರಿಗೂ ಹಿಗ್ಗಿಸಿ, ಬೀಜಕ್ಕೆ ಗಡುವನ್ನು ಹದಿನೈದು ದಿನಕ್ಕೆ ಇಳಿಸಬೇಕು. ಆದರೆ ಆ ದಾವೆ ಬೀಜ ಮಾರಿದವನ ಮೇಲಷ್ಟೇ ನಡೆಯಬೇಕು. ಕೊಂಡು ಬಿತ್ತಿದ ರೈತನಿಗೆ ನೋಟಿಸು ಹೋಗಕೂಡದೆಂದು ತಿದ್ದುಪಡಿಯಲ್ಲೇ ಬರೆದಿರಬೇಕು.