ಬಲ್ಲವರು ಬೋಧಕರಾಗುವ ಬಗೆ: ವೈದ್ಯಶಿಕ್ಷಣದ ಒಂದು ವಿಮರ್ಶೆ

ರೋಗವನ್ನು ಬಲ್ಲವರು ಅದನ್ನು ಕಲಿಸಲೂ ಬಲ್ಲರೆಂಬ ನಂಬಿಕೆ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಬಹುಕಾಲ ಪ್ರಶ್ನಾತೀತವಾಗಿತ್ತು. ಚಿಕಿತ್ಸೆಗೆ ದೀರ್ಘ ತರಬೇತಿ ಬೇಕೆಂದು ಒಪ್ಪಿದವರಿಗೂ ಬೋಧನೆಗೆ ಸಿದ್ಧತೆ ಬೇಕೆಂಬ ವಿಚಾರ ತಡವಾಗಿ ಹೊಳೆಯಿತು. ಈ ನಂಬಿಕೆಯ ದೌರ್ಬಲ್ಯವನ್ನೂ ಅದರ ಪರಿಹಾರಕ್ಕೆಂದು ಬಂದ ಕ್ರಮಗಳ ಮಿತಿಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅನುಭವಿ ವೈದ್ಯರ ಜ್ಞಾನಕ್ಕೆ ಒಂದು ವಿಚಿತ್ರ ಗುಣವಿದೆ. ಅದು ಪಕ್ವವಾದಷ್ಟೂ ಅವರಿಗೇ ಕಾಣದಂತಾಗುತ್ತದೆ. ರೋಗಿಯು ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವಷ್ಟರಲ್ಲಿ ಅವರು ಪಾರ್ಕಿನ್‌ಸನ್ ಕಾಯಿಲೆಯನ್ನು ಶಂಕಿಸಬಲ್ಲರು. ಕಿರಿದಾದ ಹೆಜ್ಜೆ, ಬೀಸದ ಕೈ, ಭಾವ ಕುಂದಿದ ಮುಖ ಇವೆಲ್ಲ ಅವರ ಕಣ್ಣಿಗೆ ಒಂದೇ ಚಿತ್ರವಾಗಿ ಬಂದಿರುತ್ತವೆ. ವಿದ್ಯಾರ್ಥಿಗೆ ಕೇಳಿಸುವುದು ರೋಗದ ಹೆಸರು ಮಾತ್ರ. ನಡುವೆ ನಡೆದ ವಿವೇಚನೆಯನ್ನು ಎಳೆ ಎಳೆಯಾಗಿ ಬಿಡಿಸಿ ಹೇಳುವುದೇ ಬೋಧಕ ವೈದ್ಯರಿಗೆ ಬೇಕಾದ ಮೊದಲ ಕೌಶಲ.

ಪುದುಚೇರಿಯ ಜಿಪ್‌ಮರ್ ಸಂಸ್ಥೆಯಲ್ಲಿ 1975ರಲ್ಲಿ ರಾಷ್ಟ್ರೀಯ ಶಿಕ್ಷಕ ತರಬೇತಿ ಕೇಂದ್ರ ಆರಂಭವಾದುದು ಈ ದಿಸೆಯಲ್ಲಿ ಮಹತ್ವದ ಹೆಜ್ಜೆ. 2019ರಲ್ಲಿ ಎಂ.ಬಿ.ಬಿ.ಎಸ್. ಶಿಕ್ಷಣಕ್ಕೆ ಸಾಮರ್ಥ್ಯಾಧಾರಿತ ಪಠ್ಯಕ್ರಮ ಬಂದ ಮೇಲೆ ಅಧ್ಯಾಪಕರ ತರಬೇತಿಗೆ ಇನ್ನಷ್ಟು ಒತ್ತು ದೊರೆಯಿತು. ಕಲಿಕೆಯ ಉದ್ದೇಶಗಳನ್ನು ಬರೆಯುವುದು, ಪಾಠಯೋಜನೆ, ಪ್ರಶ್ನೆಪತ್ರಿಕೆಯ ರಚನೆ ಇವೆಲ್ಲ ಅಗತ್ಯವೇ ಸರಿ. ಆದರೆ ಇವು ಬಹುಮಟ್ಟಿಗೆ ತರಗತಿಯ ಕೌಶಲಗಳು. ಜಾರ್ಜ್ ಮಿಲ್ಲರ್ 1990ರಲ್ಲಿ ಮಂಡಿಸಿದ ನಾಲ್ಕು ಮೆಟ್ಟಿಲುಗಳ ವಿನ್ಯಾಸದಲ್ಲಿ ‘ತಿಳಿದಿರುವುದು’ ತಳದಲ್ಲಿಯೂ ‘ಮಾಡುವುದು’ ತುದಿಯಲ್ಲಿಯೂ ಇವೆ. ತುದಿಯ ಮೆಟ್ಟಿಲನ್ನು ಅಳೆಯಬೇಕಾದರೆ ಬೋಧಕರು ವಿದ್ಯಾರ್ಥಿಯ ಪಕ್ಕದಲ್ಲಿ ನಿಂತು, ಬಾಯಿ ಹಾಕದೆ, ಅವನ ಕೆಲಸವನ್ನು ನೋಡಬೇಕಾಗುತ್ತದೆ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಮೊದಲು ಬಲಿಯಾಗುವುದು ಈ ನೋಟವೇ.

ಸಮಯಾಭಾವಕ್ಕೆ ಉತ್ತರವಾಗಿ ಅಮೆರಿಕದ ವೈದ್ಯಶಿಕ್ಷಕರು 1992ರಲ್ಲಿ ಐದು ಹೆಜ್ಜೆಗಳ ಒಂದು ಕಿರುವಿಧಾನವನ್ನು ಪ್ರಕಟಿಸಿದರು. ವಿದ್ಯಾರ್ಥಿಯಿಂದ ಒಂದು ನಿರ್ಧಾರವನ್ನು ಹೊರಡಿಸುವುದು, ಅದಕ್ಕೆ ಆಧಾರ ಕೇಳುವುದು, ಒಂದು ಸಾಮಾನ್ಯ ಸೂತ್ರವನ್ನು ಕಲಿಸುವುದು, ಸರಿಯಾದುದನ್ನು ಗುರುತಿಸಿ ಹೇಳುವುದು, ತಪ್ಪನ್ನು ತಿದ್ದುವುದು ಇವೇ ಆ ಹೆಜ್ಜೆಗಳು. ಗದರಿಕೆಯೇ ಪಾಠವೆಂದು ತಿಳಿದಿರುವ ಕಡೆ ಇದರ ಉಪಯುಕ್ತತೆ ನಿರ್ವಿವಾದ. ಆದರೂ ಈ ಸಂವಾದದಲ್ಲಿ ಇರುವವರು ಗುರು ಶಿಷ್ಯರಿಬ್ಬರೇ; ರೋಗಿಯ ಮಾತು ವಿದ್ಯಾರ್ಥಿಯ ವರದಿಯಾಗಿ ಮಾತ್ರ ಅಲ್ಲಿಗೆ ಬರುತ್ತದೆ.

ಕರ್ನಾಟಕದ ಆಸ್ಪತ್ರೆಗಳಲ್ಲಿ ಈ ಕೊರತೆ ಗಂಭೀರ ರೂಪ ತಾಳುತ್ತದೆ. ‘ತಲೆ ಸುತ್ತುತ್ತದೆ’ ಎನ್ನುವ ರೋಗಿಗೆ ಸುತ್ತಲಿನ ವಸ್ತುಗಳೇ ತಿರುಗಿದಂತೆ ಆಗುತ್ತಿರಬಹುದು. ಎದ್ದುನಿಂತಾಗ ಕಣ್ಣು ಕತ್ತಲಿಡುತ್ತಿರಬಹುದು. ನಡೆಯುವಾಗ ತೂಕ ತಪ್ಪುತ್ತಿರಬಹುದು. ಮೊದಲನೆಯದು ಒಳಕಿವಿಯತ್ತಲೂ ಎರಡನೆಯದು ರಕ್ತದೊತ್ತಡ, ಹೃದಯಗಳತ್ತಲೂ ಮೂರನೆಯದು ನರಮಂಡಲದತ್ತಲೂ ಬೆರಳು ತೋರಬಲ್ಲವು. ವಿದ್ಯಾರ್ಥಿಯು ಇದನ್ನು ಆತುರದಿಂದ ‘ವರ್ಟಿಗೊ’ ಎಂದು ಬರೆದುಕೊಂಡರೆ ಮುಂದಿನ ತರ್ಕವೆಲ್ಲ ಶುದ್ಧವಾಗಿದ್ದೂ ತಪ್ಪು ದಾರಿ ಹಿಡಿಯುತ್ತದೆ. ಐದು ಹೆಜ್ಜೆಗಳಲ್ಲಿ ಯಾವುದೂ ಈ ತಪ್ಪನ್ನು ತಾನಾಗಿ ಹಿಡಿಯಲಾರದು. ಗುರುವು ರೋಗಿಯ ಬಳಿಗೆ ಮರಳಿ, ‘ಸುತ್ತುವುದೆಂದರೆ ಹೇಗಾಗುತ್ತದಮ್ಮ?’ ಎಂದು ಶಿಷ್ಯನ ಎದುರಿನಲ್ಲಿಯೇ ಕೇಳಬೇಕು. ಆಗ ಭಾಷೆಯೇ ಪರೀಕ್ಷಾ ಸಾಧನವಾಗುತ್ತದೆ.

ಹೀಗೆ ಮರಳಿ ಕೇಳುವ ಗುರು ತನ್ನ ಊಹೆ ತಪ್ಪಾಗುವ ಸಾಧ್ಯತೆಯನ್ನೂ ಶಿಷ್ಯನ ಮುಂದೆ ಒಪ್ಪಿಕೊಂಡಂತಾಯಿತು. ನಮ್ಮ ತರಬೇತಿ ಶಿಬಿರಗಳ ಯಶಸ್ಸನ್ನು ಪ್ರಮಾಣಪತ್ರಗಳ ಎಣಿಕೆಯಿಂದ ಅಳೆಯಲಾಗದು. ತರಬೇತಿ ಪಡೆದ ಬೋಧಕರು ರೋಗಿಯ ಮಂಚದ ಬಳಿ ಎಷ್ಟು ಹೊತ್ತು ನಿಲ್ಲುತ್ತಾರೆ, ಅಲ್ಲಿ ಯಾರ ಮಾತನ್ನು ಕೇಳುತ್ತಾರೆ ಎಂಬುದೇ ಅದರ ಒರೆಗಲ್ಲು. ಬೋಧನೆಯ ಲೋಪಕ್ಕೆ ಕೊನೆಯಲ್ಲಿ ಬೆಲೆ ತೆರುವವರು ವಿದ್ಯಾರ್ಥಿಯಲ್ಲ, ನಾಳೆ ಅವನ ಮುಂದೆ ಬಂದು ಕೂರುವ ರೋಗಿ.